ಕನ್ನಮ್ಮನ ಉಣುಗೋಲು

ಮುಂದಿನ ಗಾಡಿಯ ಎತ್ತುಗಳು ತಾವಾಗಿಯೇ ನಿಂತವು. ಊರಬಾಗಿಲಿಗೆ ಎರಡು ಉಣುಗೋಲು ಅಡ್ಡ ಬಿದ್ದಿದ್ದವು. ಬಿದಿರಿನ ಆ ಕೋಲುಗಳ ಆಚೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡು ವರ್ಷದ ಮಗನನ್ನು ಕಂಕುಳಲ್ಲಿ ಇಟ್ಟುಕೊಂಡು ಕನ್ನಮ್ಮ ನಿಂತಿದ್ದಳು.

ಗಾಡಿ ಹೊಡೆಯುತ್ತಿದ್ದ ಅದೇ ಊರಿನ ಭೂತಪ್ಪ ಕೆಳಗೆ ಹಾರಿದ. ಈ ಹೊತ್ತಿನಲ್ಲಿ ಇವಳು ಮನೆಯ ಹತ್ತಿರ ಇರಬೇಕಿತ್ತು. ಇಲ್ಲಿಗೇಕೆ ಬಂದಳು?

ಹಿಂದೆ ಇನ್ನೂ ನಾಲ್ಕು ಗಾಡಿಗಳಿದ್ದವು. ಅವುಗಳ ತುಂಬ ಒನಕೆ, ಬೀಸುವ ಕಲ್ಲು, ಕೋಳಿಗೂಡು, ಮಕ್ಕಳು, ಮುದುಕಿಯರು. ಲಿಂಗನಮಕ್ಕಿಯ ಅಣೆಕಟ್ಟಿನ ನೀರಲ್ಲಿ ಊರು ಮುಳುಗಿ, ಹೋದ ಮಳೆಗಾಲದಿಂದ ಕೋಣಂದೂರಿನ ಸಂತೆಮಾಳದ ಪಕ್ಕ ಸೋಗೆ ಗುಡಿಸಲಲ್ಲಿದ್ದ ಸಂಸಾರಗಳು ಇವು. ಸರ್ಕಾರ ಇವರಿಗೆ ಈ ಊರಿನ ಅಂಚಿನಲ್ಲಿ ನೆಲ ತೋರಿಸಿತ್ತು. ಊರು ಮಾತ್ರ ದಾರಿ ಬಿಟ್ಟಿರಲಿಲ್ಲ. ಮಳೆ ಹಿಡಿಯುವ ಮೊದಲು ನಿಮ್ಮನ್ನು ಒಳಗೆ ಸೇರಿಸುತ್ತೇನೆ ಎಂದು ಮಾತು ಕೊಟ್ಟವನು ಭೂತಪ್ಪ. ಆ ಮುದುಕಿಯರನ್ನು ಮತ್ತೆ ಸೋರುವ ಗುಡಿಸಲಲ್ಲಿ ಇಳಿಸುವುದನ್ನು ನೆನೆದರೇ ಅವನಿಗೆ ಸಂಕಟವಾಗುತ್ತಿತ್ತು.

ಸುಗ್ಗಿಗೆ ಮೊದಲು ನಡೆದ ಸಭೆಯಲ್ಲಿ ಊರು ಎರಡು ಪಾಲಾಗಿತ್ತು.

“ಇವತ್ತು ನಾಲ್ಕು ಮನೆ, ನಾಳೆ ನಲವತ್ತು” ಎಂದಿದ್ದಳು ಕನ್ನಮ್ಮ. “ಬೇಸಿಗೇಲಿ ನಮ್ಮ ಹಳ್ಳವೇ ಒಣಗ್ತದೆ. ಸೊಪ್ಪು, ಸೌದೆ ಯಾರ ಬೆಟ್ಟದಿಂದ ತರ್ತಾರೆ? ಮೊದ್ಲು ಎಣಿಸಿ, ಆಮೇಲೆ ಬಿಡಿ.”

ಸುಳ್ಳೇನಲ್ಲ. ಭೂತಪ್ಪನ ಬಾವಿಯೂ ಯುಗಾದಿಯ ಹೊತ್ತಿಗೆ ತಳ ಕಾಣುತ್ತಿತ್ತು. ಆದರೂ ಅವನು ಬಿಟ್ಟುಕೊಡಲಿಲ್ಲ. “ಬೇಲಿ ಹಾಕೋದು ದನಕ್ಕೆ ಮಾರಾಯ್ತಿ, ಮನುಷ್ಯರಿಗಲ್ಲ. ನಮ್ಮಜ್ಜ ಹುಲಿಕಲ್ ಘಾಟಿ ಹತ್ತಿ ಬಂದಾಗ ಯಾರು ಎಣಿಸಿದ್ರು?”

“ಎಣಿಸಿದ್ರೆ ಚೆನ್ನಾಗಿತ್ತು.”

ಸಭೆ ಹೊಟ್ಟೆ ಹಿಡಿದು ನಕ್ಕಿತ್ತು. ಕೊನೆಗೆ ಅವಳದೇ ತೀರ್ಮಾನವಾಯಿತು: “ಅವರಲ್ಲಿ ಒಬ್ಬರನ್ನ ನಾನಾಗಿ ಊರಬಾಗಿಲ ಉಣುಗೋಲು ದಾಟಿಸಿದ ದಿನ ಎಲ್ಲರೂ ಬರ್ಲಿ. ಅಲ್ಲೀತನಕ ಇಲ್ಲ.”

ಅಲ್ಲಿಗೇ ನಿಲ್ಲಿಸಲಿಲ್ಲ ಪುಣ್ಯಾತ್ಗಿತ್ತಿ. ಗುಡಿಸಲುಗಳಲ್ಲಿ ಎಷ್ಟು ತಲೆ ಇವೆ ಎಂದು ನೋಡಿಬರಲು ತನ್ನ ತಮ್ಮ ವಾಸಪ್ಪನನ್ನೇ ಕೋಣಂದೂರಿಗೆ ಅಟ್ಟಿದಳು. ವಾಸಪ್ಪನ ಎಣಿಕೆ ಒಂದು ಸಲವೂ ತಾಳೆಯಾಗಲಿಲ್ಲ. ತಪ್ಪಿತು, ಮತ್ತೆ ಹೋಗಿಬರುತ್ತೇನೆ ಎನ್ನುತ್ತಿದ್ದ. ಸಂತೆಯ ದಿನ ಮಾತ್ರ ಹೋಗುತ್ತಿದ್ದವನು ಬರಬರುತ್ತ ಸಂತೆಯಿಲ್ಲದ ದಿನವೂ ಹೊರಟ.

ಈಗ ನೋಡಿದರೆ, ಯಾವತ್ತೂ ಇಲ್ಲದ ರುಮಾಲು ಸುತ್ತಿಕೊಂಡು ಅವನು ಮುಂದಿನ ಗಾಡಿಯಿಂದಲೇ ಇಳಿದ. ಅಕ್ಕನ ಕಡೆ ಕಣ್ಣೆತ್ತಲಿಲ್ಲ. ಅವನ ಹಿಂದೆಯೇ ಮುಳುಗಡೆಯವರ ಹುಡುಗಿ ಕೆರಿಯಮ್ಮ ಇಳಿದಳು. ಬೇಹಿಗೆ ಹೋದವನು ಎದುರು ಪಕ್ಷ ಸೇರಿದ್ದ.

“ದಾರಿ ಬಿಡು ಕನ್ನಮ್ಮ, ಹೊತ್ತು ಮೀರ್ತದೆ” ಎಂದ ಭೂತಪ್ಪ.

“ಮೀರ್ಲಿ ಭೂತಪ್ಪಣ್ಣ. ಬರೋರನ್ನ ಕೇಳ್ದೆ ಒಳಗೆ ಬಿಡೋ ಪದ್ಧತಿ ನಮ್ಮಲ್ಲಿಲ್ಲ. ನಿಮಗೂ ಗೊತ್ತು.”

ಊರವರು ಬೇಲಿಯುದ್ದಕ್ಕೂ ಒರಗಿ ನಿಂತರು. ಕನ್ನಮ್ಮ ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಯಾವೂರು?”

“ಈಗ ಊರಿಲ್ಲ. ನೀರು.”

“ಯಾರನ್ನ ಕೇಳಿ ಬಂದೆ?”

“ಕರೆದ್ರು. ಬಂದೆ.”

“ಹೋಗೋದು ಯಾವಾಗ?”

ಹುಡುಗಿ ಮೊದಲ ಸಲ ತಲೆಯೆತ್ತಿದಳು. “ಹೋಗೋಕೆ ಬಂದಿಲ್ಲ.”

ಬೇಲಿಯ ಕಡೆಯಿಂದ ಯಾರೋ ಭೇಷ್ ಎಂದರು. ಕನ್ನಮ್ಮ ಆ ಕಡೆ ತಿರುಗಿದ್ದೇ ತಡ, ಭೇಷ್ ಎಂದವರು ಕೆಮ್ಮಿದರು.

“ನಿನ್ನ ಹಿಂದೆ ಇನ್ನೆಷ್ಟು ಜನ ಬರೋರಿದಾರೆ?”

“ಅದನ್ನ ಈಗ್ಲೇ ಹೇಳೋಕೆ ಬರ್ತದಾ?” ಎಂದು ಹುಡುಗಿ ತಲೆ ತಗ್ಗಿಸಿದಳು. ಹೆಂಗಸರು ಕಿಸಕ್ಕನೆ ನಕ್ಕರು. ಭೂತಪ್ಪನಿಗೆ ಮಾತ್ರ ನಗು ಬರಲಿಲ್ಲ. ಜಗಳ ಶುರುವಾದದ್ದೇ ಆ ಎಣಿಕೆಯಿಂದ.

“ಮಡಿಲಲ್ಲಿ ಏನದು?”

ಕೆರಿಯಮ್ಮ ಬಟ್ಟೆಯ ಗಂಟು ಬಿಚ್ಚಿ ಹಿಡಿದಳು. ಬೀಜದ ಭತ್ತ. ಮುಳುಗಿದ ಗದ್ದೆಯ ಕಡೆಯ ಬೆಳೆಯಲ್ಲಿ ಉಳಿಸಿಕೊಂಡದ್ದು. ಗುಡಿಸಲಲ್ಲಿ ಗಂಜಿಗೆ ತತ್ವಾರವಾದಾಗಲೂ ಅದನ್ನು ಕುಟ್ಟಿರಲಿಲ್ಲ ಎಂಬುದು ಭೂತಪ್ಪನಿಗೆ ಗೊತ್ತಿತ್ತು.

ಕನ್ನಮ್ಮ ನಾಲ್ಕು ಕಾಳು ತೆಗೆದು ಅಂಗೈಯಲ್ಲಿ ಉಜ್ಜಿದಳು. ಒಂದನ್ನು ಹಲ್ಲಿನಲ್ಲಿ ಕಡಿದು ನೋಡಿದಳು. “ಇದು ನಮ್ಮ ನೆಲದಲ್ಲಿ ಬರ್ತದಾ?”

“ನೆಲ ನೋಡ್ಬೇಕು.”

“ನೆಲವೂ ನಿನ್ನನ್ನ ನೋಡ್ತದೆ” ಎಂದು ಕನ್ನಮ್ಮ ಮೇಲಿನ ಉಣುಗೋಲನ್ನು ಸರಕ್ಕನೆ ಎಳೆದು ಪಕ್ಕಕ್ಕೆ ಹಾಕಿದಳು.

ಭೂತಪ್ಪ ಉಸಿರು ಬಿಡುವಷ್ಟರಲ್ಲಿ ಅವಳು ಕೆಳಗಿನ ಕೋಲಿನ ಮೇಲೆ ಕಾಲಿಟ್ಟಳು.

“ಇದೊಂದು ಉಳಿದಿದೆ. ನನಗೊಂದು ಮಾತು ಕೊಡ್ಬೇಕು. ಕೊಟ್ರೆ ಇದನ್ನೂ ತೆಗೀತೀನಿ, ಹಿಂದಿನ ಗಾಡಿ ಎಲ್ಲ ಬರ್ಲಿ. ಇಲ್ದಿದ್ರೆ ಬಂದ ದಾರಿ ಹಿಡೀಲಿ.”

ಬೇಲಿಯ ಕಡೆ ಗುಸುಗುಸು ಎದ್ದಿತು. ಹಳ್ಳದ ನೀರು ಮುಟ್ಟಬೇಡಿ ಎನ್ನುತ್ತಾಳೋ, ಬೆಟ್ಟಕ್ಕೆ ಕಾಲಿಡಬೇಡಿ ಎನ್ನುತ್ತಾಳೋ. ಭೂತಪ್ಪ ತನ್ನ ಬಾವಿಯನ್ನೇ ಬಿಟ್ಟುಕೊಡುವುದೆಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡ. ಹಿಂದಿನ ಗಾಡಿಯಲ್ಲಿ ಮುದುಕಿಯೊಬ್ಬಳು ಕೈಮುಗಿದು ಕೂತಿದ್ದಳು.

ಕನ್ನಮ್ಮ ಕಂಕುಳಲ್ಲಿದ್ದ ಮಗನನ್ನು ಇಳಿಸಿ, ಉಣುಗೋಲಿನ ಮೇಲೆ ಕೂರಿಸಿ, ಅವನ ಮೂಗು ಒರೆಸಿದಳು.

“ಈ ಬಾಗಿಲು ತಡೆಯೋ ಶಾಸ್ತ್ರಾನ ಮನೆಬಾಗಿಲಲ್ಲಿ ಮಾಡಿದ್ರೆ ಮದುಮಕ್ಕಳು ನೀವಿಬ್ರೇ ಒಳಗೆ ಬರ್ತಿದ್ರಿ, ಅದಕ್ಕೇ ಊರಬಾಗಿಲಿಗೆ ಬಂದು ತಡೆದೆ; ಈಗ ಹೇಳು ವಾಸಪ್ಪ, ನೀನೂ ಹೇಳು ಕೆರಿಯಮ್ಮ, ನಿಮಗೆ ಹುಟ್ಟೋ ಹೆಣ್ಣನ್ನ ನನ್ನ ಮಗನಿಗೆ ಕೊಡ್ತೀರಾ?”