ಲಾರಿಯ ಬ್ಯಾಟರಿ

"ಒಂದು ದಿನದ ಮಾತದ, ಕೊಡ್ರಿ ಯೂಸುಫಭಾಯ್," ಎಂದು ಮಾಣಿಕ ಮಾಸ್ತರರು ಲಾರಿಯ ಮುಂದೆ ನಿಂತು ಗೋಗರೆದರು. ಅವತ್ತು ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರುವ ದಿನ. ಚಿಂತಾಕಿಯ ಚಾವಡಿಯಲ್ಲಿ ರೇಡಿಯೋ ಇತ್ತು, ಆದರೆ ಅದರ ಬ್ಯಾಟರಿ ಚಾರ್ಜಿಗೆಂದು ಬೀದರಕ್ಕೆ ಹೋದದ್ದು ಇನ್ನೂ ಬಂದಿರಲಿಲ್ಲ. ಊರಿನಲ್ಲಿದ್ದ ಇನ್ನೊಂದು ಬ್ಯಾಟರಿ ಎಂದರೆ ಯೂಸುಫನ ಲಾರಿಯದೇ.

"ಇದು ಹಳೇದದ ಮಾಸ್ತರ್. ಇಂಜಿನ್ ತಿರುಗಿದ್ರ ತುಂಬ್ತದ, ಇಲ್ಲಾಂದ್ರ ಬರೇ ಖರ್ಚ ಆಗ್ತದ. ಎಲ್ಲಾ ರೇಡಿಯೋನೇ ಕುಡದ್ರ ನಾಳಿ ಗಾಡಿ ಹ್ಯಾಂಗ ಏಳ್ಬೇಕ್ರಿ?"

"ನಾಳಿದು ನಾಳಿ ನೋಡೋಣು. ಈ ದಿನಕ್ಕ ಎಷ್ಟು ವರ್ಷ ಕಾದೇವಿ!"

ಊರೇ ಬಂದು ನಿಂತಾಗ ಒಬ್ಬನ ಮಾತು ನಡೆದೀತೇ? ಯೂಸುಫ ನಟ್ಟು ಬಿಚ್ಚಿ ಕೊಟ್ಟ. ಬೆಳಗಿನಿಂದ ಭಾಷಣ, ಹಾಡು, ಚಪ್ಪಾಳೆ. ನಡುವೆ ಕಾರ್ಯಕ್ರಮ ನಿಂತು ಬರೀ ಗೊರಗೊರ ಸದ್ದು ಬಂದಾಗಲೂ ಯಾರೂ ಆರಿಸಲು ಬಿಡಲಿಲ್ಲ. ಆರಿಸಿದರೆ ಏನೋ ತಪ್ಪಿಹೋದೀತೆಂಬ ಆಸೆಬುರುಕತನ.

ಮಧ್ಯಾಹ್ನ ಸೂಲಗಿತ್ತಿ ಮುನ್ನಿಬೀ ಏದುಸಿರು ಬಿಡುತ್ತ ಓಡಿಬಂದಳು.

"ಮಾಸ್ತರ್, ನಿಮ್ಮ ಮನಿಯವ್ರ ಹೊಟ್ಟ್ಯಾಗ ಕೂಸು ಅಡ್ಡ ಬಿದ್ದದ. ನನ್ನ ಕೈಲಿ ಆಗಲ್ರಿ. ಬೀದರ ದವಾಖಾನಿಗಿ ಒಯ್ರಿ, ಜಲ್ದಿ!"

ಯೂಸುಫ ಬ್ಯಾಟರಿ ತಂದು ಕೂಡಿಸಿದ. ಸೆಲ್ಫ್ ಒತ್ತಿದರೆ ಟಿಕ್ ಎಂದಿತು, ಅಷ್ಟೇ. ಹ್ಯಾಂಡಲ್ ಹಾಕಿ ತಿರುಗಿಸಿ ತಿರುಗಿಸಿ ಅಂಗೈ ಸುಲಿಯಿತು. ರೇಡಿಯೋ ಕೇಳಲು ಬಂದಿದ್ದವರೆಲ್ಲ ಹೆಗಲು ಕೊಟ್ಟು ತಳ್ಳಿದರು. ಲಾರಿಯ ಹಿಂದೆ ಹಾಸಿದ ಹಾಸಿಗೆಯ ಮೇಲೆ ಮಾಸ್ತರರ ಹೆಂಡತಿ ಸುಭದ್ರಾಬಾಯಿ ನರಳುತ್ತಿದ್ದರು. ಬ್ಯಾಟರಿ ಕೊಡುವುದಿಲ್ಲ ಎಂದು ಗಟ್ಟಿಯಾಗಿ ಹೇಳದ ತನ್ನ ಬಾಯಿಯನ್ನೇ ಯೂಸುಫ ಶಪಿಸಿಕೊಂಡ. ಊರಾಚೆಯ ಇಳಿಜಾರಿನಲ್ಲಿ ಇಂಜಿನ್ ಚಾಲೂ ಆಗುವ ವೇಳೆಗೆ ಒಂದೂವರೆ ತಾಸು ಕಳೆದಿತ್ತು.

ದವಾಖಾನೆ ಮುಟ್ಟಿದ ಮೇಲೂ ಅವನು ಇಂಜಿನ್ ನಿಲ್ಲಿಸಲಿಲ್ಲ. ಡಾಕ್ಟರು ಹೈದರಾಬಾದಿಗೆ ಒಯ್ಯಿರಿ ಅಂದರೆ? ಗಾಡಿ ಮತ್ತೆ ಏಳದಿದ್ದರೆ? ಆ ಭಯಕ್ಕೆ ಎಕ್ಸಿಲರೇಟರಿನಿಂದ ಕಾಲು ಎತ್ತದೆ, ಅಲ್ಲಾನ ಹೆಸರು ಹೇಳುತ್ತ ಸೀಟಿನಲ್ಲೇ ಕೂತ. ಹೊತ್ತು ಇಳಿಯಿತು.

ಮಾಸ್ತರರು ನಿಧಾನವಾಗಿ ಹೊರಗೆ ಬಂದರು. ಮುಷ್ಟಿಯಲ್ಲಿ ಸುಭದ್ರಾಬಾಯಿಯ ತಾಳಿಯಿತ್ತು. ಲಾರಿಯ ಬಾಗಿಲಿಗೆ ಹಣೆ ಆನಿಸಿ ನಿಂತರು.

"ಬಂದ್ ಮಾಡ್ರಿ ಯೂಸುಫಭಾಯ್," ಎಂದರು. "ಇನ್ನ ಅವಸರ ಇಲ್ಲ."