ಅಂಗಿಯ ತೋಳು

ಒಣಗಿದ ಬೇವಿನೆಲೆಯ ವಾಸನೆ ಬಂದರೆ ಈಗಲೂ ನನ್ನ ಕೈ ತಣ್ಣಗಾಗುತ್ತದೆ.

ಅದು ಲಡಾಯಿಯ ಕಾಲ. ಅಪ್ಪ ಪಲ್ಟನ್ನು ಸೇರಿ ಎರಡು ವರ್ಷವಾಗಿತ್ತು. ಶ್ರಾವಣದಿಂದ ಕಾಗದ ಬಂದಿರಲಿಲ್ಲ. ಚಳಿ ಶುರುವಾದೊಡನೆ ಇಟ್ಟಂಗಿಹಾಳದ ನಮ್ಮ ಅಂಗಳದ ಬಿಸಿಲಿನಲ್ಲಿ ಆಯಿ, ಅಪ್ಪನ ತಾಯಿ, ಹಳೆಯ ಸೀರೆಗಳನ್ನು ಹರವಿಕೊಂಡು ಹೊದೆಯುವ ಕೌದಿ ಹೊಲಿಯಲು ಕೂತಳು. ಅವ್ವ ಎದುರಿನ ಅಂಚು ಹಿಡಿದಳು. ಯಾವ ತುಂಡು ಯಾರದೆಂದು ಮೊದಲು ಹೇಳಿದವರಿಗೆ ಒಂದು ಶೇಂಗಾ. ಅದು ನನಗೂ ತಮ್ಮನಿಗೂ ಪ್ರತಿ ವರ್ಷದ ಆಟ.

"ಇದು ನಮ್ಮ ಕಾಕಿ ಸೀರಿ!" ತಮ್ಮನೇ ಗೆಲ್ಲುತ್ತಿದ್ದ. ನನಗೆ ಸಿಟ್ಟು ಬಂತು. ಒಳಗೆ ಹೋಗಿ ಟ್ರಂಕು ತೆರೆದೆ. ಬೇವಿನೆಲೆಯ ನಡುವೆ ಮಡಚಿಟ್ಟಿದ್ದ ನೀಲಿ ಗೀರಿನ ಅಂಗಿಯ ಒಂದು ತೋಳನ್ನು ಕತ್ತರಿಸಿ ತಂದೆ.

"ಇದು ಯಾರದು ಹೇಳು?"

ತಮ್ಮನಿಗೆ ಗೊತ್ತಾಗಲಿಲ್ಲ. ಆಯಿಯ ಸೂಜಿ ನಿಂತಿತು.

"ಬರೂ ಮನಷ್ಯಾನ ಅರಬಿಗೆ ಕತ್ತರಿ ಹಾಕ್ತಾರೇನ ಬೇ? ನನ್ನ ಮಗ ಬಂದ ಏನ ತೊಡ್ತಾನ?" ಆಯಿ ಆ ತೋಳನ್ನು ಎದೆಗೆ ಒತ್ತಿಕೊಂಡಳು.

ಏಟು ಬೀಳುತ್ತದೆಂದು ನಾನು ಕಣ್ಣು ಮುಚ್ಚಿದೆ. ಬೀಳಲಿಲ್ಲ. ಅವ್ವ ಎದ್ದು ಒಳಗೆ ಹೋಗಿ ಆ ಅಂಗಿಯನ್ನು ತಂದಳು. ನನ್ನ ಕೈಯಿಂದ ಕತ್ತರಿ ತೆಗೆದುಕೊಂಡು ಇನ್ನೊಂದು ತೋಳನ್ನೂ ಕತ್ತರಿಸಿದಳು.

"ಹೊಲೀರಿ ಅತ್ತಿ," ಅಂದಳು, ಆಯಿಯ ಮುಖ ನೋಡದೆ. "ಹುಡುಗ್ರಿಗೆ ಚಳಿ ಆಗಾಕತ್ತೈತಿ."