ಹೆಲ್ಮೆಟ್ ವಿರೋಧ ಪಕ್ಷದ ನಾಯಕ

"ಗಾಡಿ ನಂಬರ್ ನೋಡಿದ್ರಾ ಸರ್?" ಆದಿಲ್ ಕೇಳಿದ.

"ಯಾವ ಗಾಡಿ?"

"ನಿಮಗೆ ಗುದ್ದಿದ್ದು."

"ಯಾರೂ ಗುದ್ದಲಿಲ್ಲಪ್ಪ. ಸೈಕಲ್ ತುಳೀತಾ ಇದ್ದೆ, ನಾನೇ ಬಿದ್ದೆ," ಎಂದು ಲಕ್ಷ್ಮಿಕಾಂತ ತಲೆಯ ಬ್ಯಾಂಡೇಜು ಮುಟ್ಟಿಕೊಂಡ.

ಇಂದಿರಾನಗರದ ಅವರ ಕಚೇರಿಯಲ್ಲಿ ಊಟದ ಮೇಜಿನ ಸುತ್ತ ಕುಳಿತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾವನೋ ಬಡಪಾಯಿ ಡ್ರೈವರನನ್ನು ಪೊಲೀಸರಿಂದ ಉಳಿಸಲು ತಪ್ಪನ್ನು ತನ್ನ ಮೇಲೆ ಹಾಕಿಕೊಂಡ ದೊಡ್ಡ ಮನುಷ್ಯ ಎಂದು ಅಲ್ಲೇ ತೀರ್ಮಾನವಾಯಿತು. ಲಕ್ಷ್ಮಿಕಾಂತ ಅಲ್ಲಗಳೆಯಲಿಲ್ಲ. ಅವನ ಐವತ್ತೊಂದು ವರ್ಷಗಳಲ್ಲಿ ಜನ ದೊಡ್ಡದು ಎಂದಿದ್ದರೆ ಅದು ಅವನ ಹೊಟ್ಟೆಯನ್ನು ಮಾತ್ರ.

ಎಲ್ಲ ಶುರುವಾದದ್ದೂ ಆ ಹೊಟ್ಟೆಯಿಂದಲೇ. ಡಾಕ್ಟರು ಸೈಕಲ್ ತುಳಿಯಿರಿ ಎಂದರು, ತುಳಿದ. ಒಂದು ದಿನ ಊಟದ ಮೇಜಿನಲ್ಲಿ, ದಿನಾ ಹದಿನೆಂಟು ಕಿಲೋಮೀಟರ್ ಎಂದುಬಿಟ್ಟ.

"ಅಂದ್ರೆ ಜೋಗುಪಾಳ್ಯದ ನಿಮ್ಮನೆಯಿಂದ ಕೆ.ಆರ್. ಪುರಂಗೆ ಹೋಗಿ ವಾಪಸ್ ಬಂದಷ್ಟು!" ಆದಿಲ್ ಬೆರಗಾದ.

"ಹೆಚ್ಚುಕಮ್ಮಿ ಅಷ್ಟೇ ಆಗುತ್ತೆ."

ಶಿವಾಜಿನಗರದ ಆದಿಲ್ ಭಾನುವಾರದ ಸೈಕಲ್ ಸವಾರರ ವಾಟ್ಸಾಪ್ ಗುಂಪಿನ ಅಡ್ಮಿನ್. ಮಾರನೆಯ ದಿನವೇ ಲಕ್ಷ್ಮಿಕಾಂತ ಆ ಗುಂಪಿನೊಳಗಿದ್ದ. ಸವಾರಿಗೆ ಮಾತ್ರ ಎಂದೂ ಹೋಗಲಿಲ್ಲ. ಒಬ್ಬನೇ ತುಳಿದು ಅಭ್ಯಾಸ ಎಂದ. ಅದು ನಿಜವೂ ಆಗಿತ್ತು.

ಗುಂಪಿನಲ್ಲಿ ಮೂರು ತಿಂಗಳಿಂದ ಒಂದೇ ಜಗಳ. ಸೈಕಲ್ ತುಳಿಯುವವರಿಗೆ ಹೆಲ್ಮೆಟ್ ಬೇಕೋ ಬೇಡವೋ? ಆದಿಲ್ ಬೇಕೇ ಬೇಕು ಎನ್ನುತ್ತಿದ್ದ. ಲಕ್ಷ್ಮಿಕಾಂತ ವಿರೋಧ ಪಕ್ಷದ ನಾಯಕ. ಹಾಲಿನವನು ಎಂದಾದರೂ ಹೆಲ್ಮೆಟ್ ಹಾಕಿದ್ದನೇ, ಪೇಪರಿನವನು ಹಾಕಿದ್ದನೇ, ಇರುವ ನಾಲ್ಕು ಕೂದಲಿಗೆ ಗಾಳಿ ಬೇಡವೇ, ನಿಧಾನವಾಗಿ ಹೋಗುವವನಿಗೆ ಇದೆಲ್ಲ ಏಕೆ ಎಂದು ಪುಟಗಟ್ಟಲೆ ಬರೆದ. ತಾನು ಇಷ್ಟು ಚೆನ್ನಾಗಿ ಬರೆಯಬಲ್ಲೆನೆಂದು ಅವನಿಗೇ ಗೊತ್ತಿರಲಿಲ್ಲ. ಬಿದ್ದ ಗಳಿಗೆಯಲ್ಲೂ ಒಂದು ಕೈಯಲ್ಲಿ ಫೋನು ಹಿಡಿದು, 'ಎಚ್ಚರಿಕೆಯ ಸವಾರನಿಗೆ ಅವನ ಎಚ್ಚರಿಕೆಯೇ ಹೆಲ್ಮೆಟ್' ಎಂದು ಒತ್ತುತ್ತಿದ್ದ. ಆ ಮೆಸೇಜು ಹೋಗಲಿಲ್ಲ. ತಲೆಗೆ ಏಳು ಹೊಲಿಗೆ ಬಿದ್ದವು.

ಬ್ಯಾಂಡೇಜು ಕಟ್ಟಿಕೊಂಡು ಬಂದ ಆ ದಿನ, ಊಟವಾದ ಮೇಲೆ ಆದಿಲ್ ಅವನನ್ನು ಪಕ್ಕಕ್ಕೆ ಕರೆದ.

"ಸರ್, ಒಂದು ಉಪಕಾರ ಆಗ್ಬೇಕು. ನನ್ನ ತಂಗಿ ಬುಷ್ರಾ ಸೈಕಲ್‌ನಲ್ಲೇ ಕಾಲೇಜಿಗೆ ಹೋಗ್ತಾಳೆ. ನಿಮ್ಮ ಮೆಸೇಜ್ ಓದಿ ಹೆಲ್ಮೆಟ್ ಬಿಚ್ಚಿಟ್ಟಿದ್ದಾಳೆ. ಬೈದ್ರೆ ನಿಮ್ಮ ಮಾತನ್ನೇ ನನಗೆ ಓದಿ ಹೇಳ್ತಾಳೆ. ಹೋದ ವಾರ ಯಾರೋ ಕಾರಿನ ಡೋರ್ ತೆಗೆದ್ರು, ಬಿದ್ಲು. ಮೊಣಕೈ ತರಚಿತು, ಅಷ್ಟೇ. ಇನ್ನೊಂದು ಸಲ ತಲೆಗೇ ಬಿದ್ರೆ? ನಮ್ಮ ಅಬ್ಬಾ ತೀರಿಕೊಂಡ್ಮೇಲೆ ಅವಳಿಗೆ ನಾನೇ ಎಲ್ಲ. ನೀವು ಹೇಳಿದ್ರೆ ಕೇಳ್ತಾಳೆ ಸರ್."

ತಾನು ಬರೆದದ್ದನ್ನು ಯಾರಾದರೂ ಓದುತ್ತಾರೆ ಎಂದೇ ಲಕ್ಷ್ಮಿಕಾಂತ ಎಣಿಸಿರಲಿಲ್ಲ. ಓದಿ, ನಂಬಿ, ಹಾಗೇ ನಡೆದುಕೊಳ್ಳುವ ಹುಡುಗಿಯೊಬ್ಬಳಿದ್ದಾಳೆ ಎಂದು ತಿಳಿದು ನಿಜಕ್ಕೂ ಹೆದರಿಕೆಯಾಯಿತು. ಭಾನುವಾರ ಮನೆಗೆ ಕರೆದುಕೊಂಡು ಬಾ ಎಂದ.

ಭಾನುವಾರ ಅಣ್ಣ ತಂಗಿ ಬಂದರು. ಹೆಲ್ಮೆಟ್ ಅಣ್ಣನ ಕೈಯಲ್ಲಿತ್ತು. ಲಕ್ಷ್ಮಿಕಾಂತನ ಹೆಂಡತಿ ಭವ್ಯ ಕಾಫಿ ಕೊಡುತ್ತ, "ಆಯುಧಪೂಜೆ ದಿನ ಇವರ ಸೈಕಲ್ಲಿಗೂ ನಿಂಬೆಹಣ್ಣು ಇಟ್ಟಿದ್ದೆ. ಒಡೀಲೇ ಇಲ್ಲ. ಏನಾದ್ರೂ ಆಗುತ್ತೆ ಅಂತ ಆವತ್ತೇ ಅಂದ್ಕೊಂಡೆ," ಎಂದಳು. ಆದಿಲ್ ಪಾಪ ಎಂಬಂತೆ ತಲೆಯಾಡಿಸಿದ. ಲಕ್ಷ್ಮಿಕಾಂತ ಹೆಂಡತಿಯನ್ನು ದುರುಗುಟ್ಟಿ ನೋಡಿದ.

ಆಮೇಲೆ ತಲೆ ಬಗ್ಗಿಸಿ ಹೊಲಿಗೆ ತೋರಿಸಿದ. "ನೋಡಮ್ಮ ಬುಷ್ರಾ, ನಾನು ಬರ್ದಿದ್ದೆಲ್ಲ ಬರೀ ಓಳು. ಹೆಲ್ಮೆಟ್ ಹಾಕಿದ್ದಿದ್ರೆ ಇದ್ಯಾವುದೂ ಆಗ್ತಿರ್ಲಿಲ್ಲ."

"ನಿಮ್ದು ಬೇರೆ ಅಂಕಲ್," ಎಂದಳು ಬುಷ್ರಾ. "ಕೆ.ಆರ್. ಪುರಂ ಕಡೆ ಬಸ್ಸು, ಲಾರಿ, ಟ್ಯಾಂಕರ್. ಆ ರೋಡಲ್ಲಿ ಯಾರು ಬೇಕಾದ್ರೂ ಬೀಳ್ತಾರೆ. ನಾನು ಹೋಗೋದು ಗಲ್ಲಿಯೊಳಗೆ, ನಡ್ಕೊಂಡು ಹೋಗೋರಿಗಿಂತ ನಿಧಾನ. ನಿಧಾನ ಹೋಗೋರಿಗೆ ಬೇಡ ಅಂತ ನೀವೇ ಬರ್ದಿದ್ದೀರಲ್ಲ?"

ಫೋನು ತೆಗೆದು ಅವನ ಸಾಲುಗಳನ್ನೇ ಒಂದೊಂದಾಗಿ ಓದಿದಳು. ದರಿದ್ರದವನು, ಅಷ್ಟು ಗಟ್ಟಿಯಾಗಿ ಬರೆದಿದ್ದ! ಅವಳು ಕಾಫಿ ಮುಗಿಸಿ ಎದ್ದಳು. ಆದಿಲ್‌ನ ಮುಖ ಸಣ್ಣಗಾಯಿತು.

ಲಕ್ಷ್ಮಿಕಾಂತ ಅವಳ ಮೊಣಕೈಯ ಪಟ್ಟಿಯನ್ನು ನೋಡಿದ. ನಾಳೆಯ ಊಟದ ಮೇಜನ್ನೂ, ಅದರ ಸುತ್ತ ಏಳುವ ನಗೆಯನ್ನೂ ನೆನೆದ. ಎರಡರಲ್ಲಿ ಒಂದು ಉಳಿಯಬೇಕಿತ್ತು, ಈ ಹುಡುಗಿಯ ತಲೆ ಇಲ್ಲವೇ ಅವನ ಮರ್ಯಾದೆ. ಮರ್ಯಾದೆ ಬಂದು ಒಂದು ವಾರವೂ ಆಗಿರಲಿಲ್ಲ, ಅದರ ರೂಢಿ ಇನ್ನೂ ಆಗಿರಲಿಲ್ಲ. ಆದರೂ ಕಳೆದುಕೊಳ್ಳಲು ಸಂಕಟವಾಯಿತು.

"ಒಂದ್ನಿಮಿಷ ನಿಲ್ಲಮ್ಮ. ನಾನು ಬಿದ್ದ ಜಾಗ ತೋರಿಸ್ತೀನಿ, ನೋಡ್ಕೊಂಡು ಹೋಗು."

"ಅಷ್ಟು ದೂರ ಈಗ ಯಾರು ಬರ್ತಾರೆ ಅಂಕಲ್?"

"ದೂರ ಏನಿಲ್ಲ," ಎಂದು ಅವನು ಮಲಗುವ ಕೋಣೆಯ ಬಾಗಿಲು ತೆರೆದ.

ಮಂಚಕ್ಕೂ ಬೀರುವಿಗೂ ನಡುವೆ, ಹ್ಯಾಂಡಲ್ಲಿನ ಮೇಲೆ ಒಣಗಲು ಹಾಕಿದ ಟವೆಲ್ಲು ಹೊತ್ತು, ಅವನ ಸೈಕಲ್ಲು ನಿಂತಿತ್ತು. ಆದಿಲ್ ಅದನ್ನೂ ಲಕ್ಷ್ಮಿಕಾಂತನನ್ನೂ ಸರದಿಯ ಮೇಲೆ ನೋಡಿದ. ಬುಷ್ರಾ ಬಗ್ಗಿ ಅದರ ಕೆಳಗೆ ಕಣ್ಣಾಡಿಸಿದಳು. ಚಕ್ರಗಳಿರಬೇಕಾದ ಕಡೆ ನಾಲ್ಕು ರಬ್ಬರು ಪಾದಗಳಿದ್ದವು.

"ಎಲ್ಲಿಗೂ ಹೋಗದ ಸೈಕಲ್‌ನಿಂದ ಬಿದ್ದೇ ಇಷ್ಟಾದ್ರೆ, ನಾನು ಕಾಲೇಜಿಗೆ ಹೋಗೋಳು," ಎಂದು ಅವಳು ಕೈ ಚಾಚಿದಳು. "ಹೆಲ್ಮೆಟ್ ಕೊಡು ಭಾಯ್."